ಅರಳಿ ಎಲೆಗೆ ದಾರ

ಫೋಟೊ ಅನ್ನುವ ಮಾತು ಜನರ ಬಾಯಿಗೆ ಇನ್ನೂ ಹತ್ತಿರಲಿಲ್ಲ. ನೆರಳು ಹಿಡಿಯೋ ಪೆಟ್ಟಿಗೆ ಅನ್ನುತ್ತಿದ್ದರು. ಅಂಥದೊಂದು ಸಿಂಗ್ರಾಚಾರಿಗಳ ಹತ್ತಿರ ಇತ್ತು. ಅವರ ಹಿಂದೆ ಆರು ವರ್ಷ ಅದನ್ನು ಹೊತ್ತವನು ಶಿಷ್ಯ ಮರಿಲಿಂಗ.

ಹೊಳೆದಂಡೆಯ ಜಹಗೀರು ತೋಟದಿಂದ ಕರೆ ಬಂತು. ಜಹಗೀರದಾರರ ತಾಯಿ ಚೆಲುವಮ್ಮಣ್ಣಿ ನಲವತ್ತು ವರ್ಷ ಅಲ್ಲಿಯ ಅರಳಿಮರ ಸುತ್ತಿದವರು. ಈಗ ಮೊಣಕಾಲು ಕೇಳುತ್ತಿರಲಿಲ್ಲ. ಮರವೇ ಮಂಚದ ಹತ್ತಿರ ಬರಲಿ ಅಂದಿದ್ದರು.

"ನೀನೇ ಹಿಡಿ," ಅಂದರು ಗುರುಗಳು. "ಅಮ್ಮಣ್ಣಿ ಗುರುತು ಹಿಡಿದರೆ ಪೆಟ್ಟಿಗೆ ನಿಂದು."

ಮರಿಲಿಂಗನಿಗೆ ಬೇಕಾದ್ದು ಅದೊಂದೇ.

ಒಂದು ಚಿತ್ರಕ್ಕೆ ಕಾಲು ಗಂಟೆ ಬೆಳಕು ಬೇಕು. ಗಾಳಿ ಎದ್ದರೆ ಪೆಟ್ಟಿಗೆಯ ಗಾಜಿನ ಕಣ್ಣಿಗೆ ಮುಚ್ಚಳ, ನಿಂತರೆ ತೆಗೆಯೋದು. ಮಾವು, ಹುಣಿಸೆಗಳ ಮುಂದೆ ಅವನು ಕಲಿತದ್ದು ಹಾಗೆ.

ಅರಳಿ ಕೇಳಬೇಕಲ್ಲ. ಉಳಿದ ಮರಗಳು ಸುಮ್ಮನಿದ್ದಾಗಲೂ ಅದರ ಎಲೆ ಪಟಪಟ. ಎಂಟು ದಿನ ಮುಚ್ಚಳ ಹಾಕಿದ್ದೇ ಬಂತು.

ಒಂಬತ್ತನೇ ದಿನ ಅವನು ಕರಿ ದಾರದ ಉಂಡೆ ಹಿಡಿದು ಮರ ಹತ್ತಿದ.

"ಏನಪ್ಪ, ಹರಕೆನಾ?" ಕೆಳಗಿಂದ ಗುರುಗಳು ಕೇಳಿದರು.

"ಹಾಗೇ ಅಂದ್ಕೊಳ್ಳಿ."

"ಹರಕೆ ದಾರ ಸುತ್ತೋದು ಬುಡಕ್ಕೆ."

ಮೂರು ದಿನ ಕೂತು ಪೆಟ್ಟಿಗೆಗೆ ಕಾಣುವ ಎಲೆತೊಟ್ಟುಗಳನ್ನೆಲ್ಲ ಕೊಂಬೆಗೆ ಬಿಗಿದ. ಚಿತ್ರ ಬಂತು. ಎಲೆ ಎಣಿಸಬಹುದಿತ್ತು.

ಅಮ್ಮಣ್ಣಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಚೆನ್ನಾಗಿದೆ. ಯಾವೂರ ಮರ?"

"ನಿಮ್ಮದೇ, ಅಮ್ಮಣ್ಣಿ."

"ನಮ್ಮದು ಹೀಗೆ ಉಸಿರು ಕಟ್ಟಿ ನಿಂತದ್ದು ನಾ ಕಾಣೆನಪ್ಪ."

ಮರಿಲಿಂಗ ಹೊರಗೆ ಬಂದು ಜಗಲಿಯ ತುದಿಯಲ್ಲಿ ಕೂತ. ಗುರುಗಳು ಒಂದು ಚಾಕು ಕೊಟ್ಟರು.

ಅವನು ಮತ್ತೆ ಮರ ಹತ್ತಿ, ಬೆಳಗಿನಿಂದ ಮಧ್ಯಾಹ್ನದವರೆಗೆ ದಾರ ಕುಯ್ದ. ಕಡೆಯ ದಾರ ಬಿದ್ದದ್ದೇ ಮರವೆಲ್ಲ ಸದ್ದು ಮಾಡಿತು. ಕೆಳಗೆ ನೋಡಿದರೆ ಗುರುಗಳು ಪೆಟ್ಟಿಗೆಯ ಪಕ್ಕ ನಿಂತಿದ್ದರು.

ಸಂಜೆ ಅವರು ಹಿಡಿದ ಚಿತ್ರ ನೋಡಿದ. ಬುಡ ಕಲ್ಲಿನ ಹಾಗಿತ್ತು. ಮೇಲೆ ಎಲೆ ಅಲುಗಿ ಅಲುಗಿ ಬರೀ ಹೊಗೆ. ಒಂದೆಲೆಯೂ ಕಾಣದು.

"ಕೆಟ್ಟಿದೆ, ಗುರುಗಳೇ."

"ಕೊಟ್ಟು ಬಾ."

ಅಮ್ಮಣ್ಣಿ ನೋಡಿದರು. ಸೆರಗು ಹೊದ್ದು ಅದಕ್ಕೆ ಕೈ ಮುಗಿದರು.

ಹಿಂದಿರುಗುವಾಗ ಗುರುಗಳು ಬರಿಗೈಲಿ ನಡೆದರು. "ಪೆಟ್ಟಿಗೆ ನಿಂದು," ಅಂದರು.

"ಮರ ಹಿಡಿದವರು ನೀವು."

"ಬಿಟ್ಟವನು ನೀನು."

ಮರಿಲಿಂಗ ಪೆಟ್ಟಿಗೆಯನ್ನು ಇನ್ನೊಂದು ಹೆಗಲಿಗೆ ಬದಲಿಸಿದ. ಹೊಳೆ ದಾಟಿದ ಮೇಲೆ ಕೇಳಿದ.

"ಗಾಳಿ ಎದ್ದರೆ ಏನು ಮಾಡಲಿ?"

"ಮುಚ್ಚಳ ತೆಗಿ," ಅಂದರು ಗುರುಗಳು.