ಹೊಂಗೆ ಬಿಸಿಲಿನಲ್ಲೇ ಚಿಗುರುವುದೇಕೆ

ಲೋಕ ಇನ್ನೂ ಹೊಸದಾಗಿತ್ತು. ಹೊಳೆಗಳಿಗೆ ತಾವು ಹರಿಯಬೇಕಾದ ದಾರಿ ಆಗಷ್ಟೇ ಬಾಯಿಪಾಠವಾಗುತ್ತಿತ್ತು. ಗಾಳಿಗೆ ದಿಕ್ಕುಗಳ ಹೆಸರು ಆಗಾಗ ಮರೆತುಹೋಗುತ್ತಿತ್ತು. ಮರ, ಮನುಷ್ಯ, ನೀರು, ನೇಸರ, ಇವರಲ್ಲಿ ಯಾರು ಮಾತನಾಡಿದರೂ ಉಳಿದವರಿಗೆ ತಿಳಿಯುತ್ತಿದ್ದ ಕಾಲ ಅದು.

ಆ ಕಾಲದಲ್ಲಿ ನೇಸರನು ಮರಗಳಿಗೆ ಒಂದು ನಿಯಮ ಹಾಕಿದ್ದನು. “ಚಳಿ ಮುಗಿಯುತ್ತಲೇ ಎಲೆ ಉದುರಿಸಿ. ಮಳೆ ಬರುವವರೆಗೂ ಬರಿದಾಗಿ ನಿಲ್ಲಿ. ಬೇಸಿಗೆ ನನ್ನದು. ಆಗ ನನಗೂ ನೆಲಕ್ಕೂ ನಡುವೆ ಯಾರೂ ಅಡ್ಡ ಬರಕೂಡದು.”

ದೂರದ ಹೊಳೆಯ ದಡದಲ್ಲಿದ್ದ ಆಲ ಮತ್ತು ಮಾವು ನೀರಿಗೆ ಹತ್ತಿರದ ನೆಂಟರು. ಅವು ಹೇಗೋ ತಪ್ಪಿಸಿಕೊಂಡವು. ಉಳಿದ ಮರಗಳು ನಿಯಮವನ್ನು ಒಪ್ಪಿದವು. ಒಪ್ಪುವುದು ಕಷ್ಟವೂ ಆಗಿರಲಿಲ್ಲ, ಬೇಸಿಗೆಯಿಡೀ ನಿದ್ದೆ ಮಾಡಬಹುದಿತ್ತಲ್ಲ.

ಮನುಷ್ಯರು ತಮ್ಮ ಮೊದಲ ಊರನ್ನು ಕಟ್ಟಿದ್ದೂ ಆಗಲೇ. ನಾಲ್ಕು ಸಾಲು ಮನೆಗಳು ಎದ್ದ ಮೇಲೆ ನಡುವೆ ಸೊಟ್ಟಗಿನ ಒಂದು ತುಂಡು ಜಾಗ ಉಳಿಯಿತು. ತೇಗ, ಮುತ್ತುಗ, ಬೂರುಗ, ಹೊಂಗೆ ಅಲ್ಲಿ ಮೊದಲಿನಿಂದಲೂ ನಿಂತಿದ್ದವು. ಊರವರು ಆ ಜಾಗವನ್ನು ಯಾರಿಗೂ ಹಂಚಲಿಲ್ಲ. ಅಲ್ಲಿ ಉಳಬಾರದು, ದನ ಕಟ್ಟಬಾರದು, ಕೂಗಾಡಬಾರದು. ಬರಬೇಕು, ಕುಳಿತುಕೊಳ್ಳಬೇಕು, ಎದ್ದು ಹೋಗಬೇಕು ಎಂದು ತೀರ್ಮಾನಿಸಿದರು. ಇಂದು ನಾವು ಪಾರ್ಕು ಎನ್ನುವುದಕ್ಕೆ ಅವರು ಸುಮ್ಮನಿರುವ ತೋಪು ಎಂದು ಹೆಸರಿಟ್ಟಿದ್ದರು.

ಆ ಊರಿನ ಸೂಲಗಿತ್ತಿ ಕೆಂಚವ್ವ. ಅವಳ ಮಗಳು ಮಲ್ಲಾಜಿ. ಮಲ್ಲಾಜಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹೆಣ್ಣುಕೂಸನ್ನು ಹೆತ್ತು ಹತ್ತು ದಿನವಾಗಿತ್ತು.

ಲೋಕದ ಮೊದಲ ಕೂಸು ಮಾಗಿಯ ಕೊರೆಯುವ ಚಳಿಯಲ್ಲಿ ಹುಟ್ಟಿತ್ತು. ಅದರ ಮೈ ನೀಲಿಗಟ್ಟಿದಾಗ ಕೆಂಚವ್ವ ಬಾಗಿಲು ಮುಚ್ಚಿ, ಮಂಚದ ಕೆಳಗೆ ಅಗ್ಗಿಷ್ಟಿಕೆ ಇಟ್ಟು, ಸಾಂಬ್ರಾಣಿ ಹೊಗೆ ಹಾಕಿ, ತಾಯಿಯ ಕಿವಿಗೆ ಬಟ್ಟೆ ಕಟ್ಟಿ, ಇಬ್ಬರನ್ನೂ ಉಳಿಸಿದ್ದಳು. ಎರಡನೆಯ ಕೂಸೂ ಚಳಿಯಲ್ಲೇ ಹುಟ್ಟಿತು. ಮುಂದಿನವು ಮಳೆಯಲ್ಲಿ ಹುಟ್ಟಿದವು. ಕೆಂಡ ಎಲ್ಲವನ್ನೂ ಕಾಪಾಡಿತು. ಹೀಗಾಗಿ ಬಾಣಂತನವೆಂದರೆ ಮುಚ್ಚಿದ ಬಾಗಿಲು, ಆರದ ಕೆಂಡ ಎಂಬುದು ಊರಿಗೆಲ್ಲ ಗಟ್ಟಿಯಾಯಿತು. ಬಿರುಬೇಸಿಗೆಯಲ್ಲಿ ಕೂಸು ಹುಟ್ಟಿದರೆ ಏನು ಮಾಡಬೇಕೆಂದು ಯಾರೂ ಯೋಚಿಸಿರಲಿಲ್ಲ. ಅಂಥ ಕೂಸು ಅದುವರೆಗೆ ಹುಟ್ಟಿಯೇ ಇರಲಿಲ್ಲ.

ಮಲ್ಲಾಜಿಯ ಮಗಳೇ ಮೊದಲನೆಯವಳು.

ಕತ್ತಲ ಕೋಣೆಯಲ್ಲಿ ಮಲ್ಲಾಜಿ ಕೂಸನ್ನೇ ನೋಡುತ್ತಿದ್ದಳು. ಮೈತುಂಬ ಬೆವರುಸಾಲೆ. ತುಟಿ ಒಣಗಿತ್ತು. ನೆತ್ತಿಯ ಮೆತ್ತನೆಯ ಜಾಗ ಕುಳಿಬಿದ್ದಿತ್ತು. ಮೊನ್ನೆ ಆರು ಸಲ ಹಾಲು ಕುಡಿದ ಕೂಸು ನಿನ್ನೆ ನಾಲ್ಕು ಸಲ ಕುಡಿದಿತ್ತು. ಇಂದು ಒಂದೇ ಸಲ.

“ಅವ್ವ, ಕೆಂಡ ತೆಗೆ.”

“ತೆಗೆದರೆ ಶೀತ ಆಗ್ತದೆ ಕಣೆ.”

“ಶೀತವೇ? ಹೊರಗೆ ಕಾಗೆ ಬಾಯಿ ತೆರೆದುಕೊಂಡು ಕೂತಿದೆ. ಅದಕ್ಕೂ ಶೀತವಾಗಿದೆಯೇನು?”

“ಹತ್ತು ಹೆತ್ತವಳ ಹಾಗೆ ಮಾತಾಡ್ತೀಯಲ್ಲ! ಹೆತ್ತು ಹತ್ತು ದಿನ ಆಗಿದೆ ಅಷ್ಟೆ. ನಿನ್ನನ್ನೂ ನಾನು ಹೀಗೇ ಸಾಕಿದ್ದು.”

“ನಾನು ಹುಟ್ಟಿದ್ದು ಮಾಗಿಯಲ್ಲಿ ಅವ್ವ.”

ಕೆಂಚವ್ವ ಇನ್ನೊಂದು ಚಿಟಿಕೆ ಸಾಂಬ್ರಾಣಿಯನ್ನು ಕೆಂಡಕ್ಕೆ ಹಾಕಿದಳು.

ಮಲ್ಲಾಜಿ ಕಿವಿಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿದಳು. ಕೂಸನ್ನು ಎದೆಗೆ ಒತ್ತಿಕೊಂಡು, ಒಂದು ಸೀರೆಯನ್ನು ಹೆಗಲಿಗೆ ಹಾಕಿಕೊಂಡು ಎದ್ದಳು.

“ಹೊಸ್ತಿಲು ದಾಟಿದರೆ ಊರವರು ಏನಂದಾರು?”

“ಅನ್ನಲಿ. ಕೂಸು ಉಳಿದರೆ ತಾನೇ ಅವರಿಗೂ ಅನ್ನುವುದಕ್ಕೆ ಏನಾದರೂ ಉಳಿಯುವುದು?”

ಅವಳು ಹೊಸ್ತಿಲು ದಾಟಿದಳು. ಹೊಳೆಯ ದಡದ ಆಲಕ್ಕೆ ಅರ್ಧ ದಿನದ ನಡಿಗೆ. ಅಷ್ಟು ದೂರದ ಬಿಸಿಲನ್ನು ಕೂಸು ತಾಳಲಾರದು. ಹತ್ತಿರವಿದ್ದದ್ದು ಸುಮ್ಮನಿರುವ ತೋಪೊಂದೇ. ಅಲ್ಲಿ ಗಾಳಿಯಿತ್ತು, ಆದರೆ ನೆರಳಿರಲಿಲ್ಲ. ಎಲ್ಲ ಮರಗಳೂ ಬರಿದಾಗಿ ನಿದ್ದೆ ಹೋಗಿದ್ದವು.

ಮಲ್ಲಾಜಿ ತೇಗದ ಕಾಂಡವನ್ನು ತಟ್ಟಿದಳು. “ತೇಗಪ್ಪ, ನನ್ನ ಕೂಸಿಗೆ ನೆರಳು ಬೇಕು. ನಾಲ್ಕು ಎಲೆ ಬಿಡು. ನಿನ್ನವು ಮೊರದಷ್ಟು ಅಗಲದ ಎಲೆಗಳು.”

“ಮಳೆ ಬರಲಿ ತಂಗಿ,” ಎಂದಿತು ತೇಗ, ಕಣ್ಣು ತೆರೆಯದೆ.

ಅವಳು ಬೂರುಗವನ್ನು ಕೇಳಿದಳು. “ಮಳೆ ಬರಲಿ ತಂಗಿ,” ಎಂದಿತು ಬೂರುಗ. “ಅಲ್ಲಿಯವರೆಗೆ ಬೇಕಾದರೆ ಹತ್ತಿ ತೆಗೆದುಕೋ. ಕೂಸನ್ನು ಬೆಚ್ಚಗಿಡಬಹುದು.”

“ಬೆಚ್ಚಗಿಡುವುದಕ್ಕೆ ಮನೆಯಲ್ಲಿ ನನ್ನವ್ವ ಇದ್ದಾಳೆ,” ಎಂದು ಮಲ್ಲಾಜಿ ಮುಂದೆ ನಡೆದಳು.

ಮುತ್ತುಗ ಎಚ್ಚರವಾಗಿಯೇ ಇತ್ತು. ಅದರ ಮೈತುಂಬ ಕೆಂಪು ಹೂ. “ಮಳೆ ಬರಲಿ ತಂಗಿ. ನಾನೀಗ ಸಿಂಗಾರದಲ್ಲಿದ್ದೇನೆ. ಎಲೆ ಬಂದರೆ ಹೂವನ್ನು ಯಾರು ನೋಡುತ್ತಾರೆ?”

ಕೊನೆಗೆ ಅವಳು ಹೊಂಗೆಯ ಬಳಿಗೆ ಬಂದಳು. ಅದೇನೂ ದೊಡ್ಡ ಮರವಲ್ಲ. ಎಲೆ ಉದುರಿಸುವುದರಲ್ಲೂ ಎಲ್ಲರಿಗಿಂತ ಹಿಂದೆ. ಅದರ ಬುಡದಲ್ಲಿ ಉದುರಿದ ಎಲೆಗಳು ಇನ್ನೂ ಪೂರ್ತಿ ಒಣಗಿರಲಿಲ್ಲ.

“ನಾಲ್ಕು ದಿನ ಮೊದಲು ಬಂದಿದ್ದರೆ ನನ್ನ ಹಳೆಯ ಎಲೆಗಳಾದರೂ ಇರುತ್ತಿದ್ದವಲ್ಲ ತಾಯಿ,” ಎಂದಿತು ಹೊಂಗೆ. “ಹೊಸ ಎಲೆ ಬಿಡಬೇಕಾದರೆ ನೀರು ಬೇಕು. ಮೇಲಿನ ನೆಲದಲ್ಲಿ ಹನಿಯೂ ಇಲ್ಲ. ಎಷ್ಟು ದಿನ ಕಾಯಬಲ್ಲೆ?”

“ನಾನು ಎಷ್ಟು ದಿನವಾದರೂ ಕಾದೇನು. ಕೂಸು ಎಷ್ಟು ದಿನ ಕಾದೀತೋ ಗೊತ್ತಿಲ್ಲ.”

ಹೊಂಗೆ ಕೊಂಬೆ ಬಗ್ಗಿಸಿ ಕೂಸನ್ನು ನೋಡಿತು. “ನಿನ್ನ ಸೀರೆಯನ್ನು ನನ್ನ ಕೊಂಬೆಗಳಿಗೆ ಕಟ್ಟು. ಅದು ಇಂದಿನ ಮಟ್ಟಿಗೆ. ನಾಳೆಯದನ್ನು ನಾನು ನೋಡುತ್ತೇನೆ.”

ಮಲ್ಲಾಜಿ ಸೀರೆ ಕಟ್ಟಿದಳು. ಹೊಂಗೆ ಬೇರು ಇಳಿಸಿತು.

ಒಂದಾಳುದ್ದ ಇಳಿಯಿತು, ಒಣ ಮಣ್ಣು. ಎರಡಾಳುದ್ದ ಇಳಿಯಿತು, ಗಟ್ಟಿ ಮೊರಂಬು. “ನೀರೇ, ಮೇಲೆ ಬಾ,” ಎಂದು ಕರೆಯಿತು.

“ನಾನು ಯಾರಿಗಾಗಿಯೂ ಮೇಲೆ ಬರುವವಳಲ್ಲ,” ಎಂದಿತು ಆಳದ ನೀರು. “ಬೇಕಾದವರು ಇಳಿದು ಬರಲಿ.”

“ಸರಿ, ನಾನೇ ಬರುತ್ತೇನೆ,” ಎಂದು ಹೊಂಗೆ ಮತ್ತೆ ಬೇರು ಇಳಿಸಿತು.

ಮರುದಿನ ಮಲ್ಲಾಜಿ ಬಂದಳು. ಹೊಂಗೆ ಇನ್ನೂ ಬೇರು ಇಳಿಸುತ್ತಿತ್ತು. ಅದರ ಮರುದಿನವೂ ಬಂದಳು. ಹೊಂಗೆ ಇನ್ನೂ ಬೇರು ಇಳಿಸುತ್ತಿತ್ತು. ಸೀರೆಯ ತೆಳು ನೆರಳಿನಲ್ಲಿ, ತೋಪಿನ ಗಾಳಿಯಲ್ಲಿ ಕೂಸು ಮೂರು ಸಲ ಹಾಲು ಕುಡಿಯಿತು. ಆದರೆ ನೇಸರನು ನೆತ್ತಿಗೆ ಬಂದರೆ ಸೀರೆ ಸಾಲುತ್ತಿರಲಿಲ್ಲ. ಮಲ್ಲಾಜಿ ಕೂಸಿನ ಮೇಲೆ ಬಾಗಿ, ತನ್ನ ಬೆನ್ನನ್ನೇ ಬಿಸಿಲಿಗೆ ಕೊಟ್ಟು ಕುಳಿತಿರುತ್ತಿದ್ದಳು.

ಮೂರನೆಯ ದಿನ ಕೆಂಚವ್ವ ಸೊಂಟಕ್ಕೆ ಕೈಯಿಟ್ಟುಕೊಂಡು ಬಂದಳು.

“ಮರಕ್ಕೆ ಸೀರೆ ಉಡಿಸಿ ಕೂತಿದ್ದೀಯ. ಮದುವೆ ಯಾವತ್ತು?”

“ಮೆತ್ತಗೆ ಮಾತಾಡು ಅವ್ವ. ಇದು ಸುಮ್ಮನಿರುವ ತೋಪು. ಕೂಸು ಬೇರೆ ಈಗ ತಾನೇ ಕಣ್ಣು ಮುಚ್ಚಿದೆ.”

ಕೆಂಚವ್ವ ಬಗ್ಗಿ ನೋಡಿದಳು. ಕೂಸಿನ ಕತ್ತಿನ ಬೆವರುಸಾಲೆ ಮಾಸಿತ್ತು. ಅವಳು ಅದನ್ನು ಬೆರಳಿನಿಂದ ಮುಟ್ಟಿದಳು. ಮನೆಗೆ ಹೋಗಲಿಲ್ಲ. ಸೀರೆಯ ಸಡಿಲವಾದ ತುದಿಯನ್ನು ಬಿಗಿಯಾಗಿ ಕಟ್ಟಿ, ಪಕ್ಕದಲ್ಲಿ ಕುಳಿತಳು.

ಆ ಸಂಜೆ ಹೊಂಗೆಯ ಬೇರಿಗೆ ನೀರು ಸಿಕ್ಕಿತು. ನಾಲ್ಕನೆಯ ದಿನ ಮುಂಜಾನೆ ಅದು ಉಸಿರು ಬಿಗಿಹಿಡಿದು, ಇದ್ದ ಬಲವನ್ನೆಲ್ಲ ಹಾಕಿ, ಕೊಂಬೆಕೊಂಬೆಯ ತುದಿಯಲ್ಲೂ ಒಮ್ಮೆಲೇ ಚಿಗುರು ಹೊರಡಿಸಿತು. ಚಿಗುರುಗಳು ನೆಟ್ಟಗೆ ಮೇಲೆ ನೋಡುತ್ತಿದ್ದವು.

ನೇಸರನು ಕೆಳಗೆ ನೋಡಿದನು. “ಯಾರದು, ನನ್ನ ಕಾಲದಲ್ಲಿ ಎದ್ದವರು?”

ನಡುಹಗಲಿನ ಹೊತ್ತಿಗೆ ಚಿಗುರೆಲ್ಲ ಸುಟ್ಟು ಕಪ್ಪಾಗಿತ್ತು. ತೇಗ ಅರ್ಧ ಕಣ್ಣು ತೆರೆದು, “ನಾನು ಹೇಳಿದೆನಲ್ಲ, ಮಳೆ ಬರಲಿ ಅಂತ,” ಎಂದು ಮತ್ತೆ ಮಲಗಿತು.

ಅಂದು ಗಾಳಿಯೂ ಬೀಸಲಿಲ್ಲ. ಕೂಸು ಒಂದು ಸಲವೂ ಹಾಲು ಕುಡಿಯಲಿಲ್ಲ. ಅಳುವುದಕ್ಕೂ ಅದರಲ್ಲಿ ಶಕ್ತಿಯಿರಲಿಲ್ಲ. ಕೆಂಚವ್ವ ಒದ್ದೆ ಬಟ್ಟೆಯಿಂದ ಅದರ ತುಟಿ ಒರೆಸುತ್ತಿದ್ದಳು.

“ಹೊಂಗೆ,” ಎಂದಳು ಮಲ್ಲಾಜಿ, “ಆಗುವುದಿಲ್ಲವಾದರೆ ಹೇಳಿಬಿಡು. ಈ ರಾತ್ರಿಯೇ ಆಲದ ಕಡೆ ನಡೆಯುತ್ತೇನೆ. ದಾರಿಯಲ್ಲಿ ಏನಾಗುತ್ತದೋ ಆಗಲಿ.”

“ಆಗುವುದಿಲ್ಲ ಎಂದು ನಾನು ಹೇಳಿಲ್ಲ,” ಎಂದಿತು ಹೊಂಗೆ. “ಇನ್ನೂ ನೀರಿದೆ. ನಾಳೆ ಮತ್ತೆ ತಳ್ಳುತ್ತೇನೆ. ಸುಟ್ಟರೆ ನಾಡಿದ್ದು ತಳ್ಳುತ್ತೇನೆ.”

ಆಗ ಕೆಂಚವ್ವ ತಲೆಯೆತ್ತಿದಳು. ಮುಂಜಾನೆ ಆ ಮರ ತಿಣುಕಿದ್ದನ್ನು ಅವಳು ಪಕ್ಕದಲ್ಲೇ ಕುಳಿತು ಕಂಡಿದ್ದಳು. ಅಂಥ ತಿಣುಕಾಟ ಅವಳಿಗೆ ಹೊಸದಲ್ಲ.

“ಬರೀ ತಳ್ಳಿದರೆ ಆಗುವುದಿಲ್ಲ ಕಣೆ,” ಎಂದು ಅವಳು ಹೊಂಗೆಯ ಕಾಂಡದ ಮೇಲೆ ಕೈಯಿಟ್ಟಳು. “ಮೊದಲ ಹೆರಿಗೆಯವರೆಲ್ಲ ನಿನ್ನ ಹಾಗೇ. ಉಸಿರು ಕಟ್ಟಿ ಒಂದೇ ಸಲಕ್ಕೆ ಮುಗಿಸಬೇಕು ಅಂತಾರೆ. ಉಸಿರು ಬಿಡು. ನಿಧಾನ. ನಿನ್ನ ಚಿಗುರು ತಲೆ ಮೇಲೆ ಮಾಡಿಕೊಂಡು ಬಂತು, ನೇಸರನಿಗೆ ಮುಖ ಕೊಟ್ಟಿತು. ಕೂಸು ತಲೆ ಕೆಳಗೆ ಮಾಡಿ ಬಂದರೆ ಸುಸೂತ್ರ. ನಿನ್ನದೂ ತಲೆ ಕೆಳಗೆ ಮಾಡಿ ಬರಲಿ.”

“ಎಲೆ ಎಲ್ಲಾದರೂ ನೆಲ ನೋಡಿಕೊಂಡು ಹುಟ್ಟುತ್ತದೆಯೇ ಅವ್ವ?” ಎಂದಳು ಮಲ್ಲಾಜಿ.

“ಬಾಣಂತಿ ಎಲ್ಲಾದರೂ ಹತ್ತು ದಿನಕ್ಕೆ ಬಯಲಿಗೆ ಬರುತ್ತಾಳೆಯೇ? ನೀನು ಬಂದೆಯಲ್ಲ. ಸುಮ್ಮನಿರು, ನನ್ನ ಕೆಲಸ ನನಗೆ ಬಿಡು.”

ಆ ಸಂಜೆಯಿಂದ ಕೆಂಚವ್ವ ಮರದ ಪಕ್ಕ ಬಿಟ್ಟು ಕದಲಲಿಲ್ಲ. “ಈಗ ಬಿಡು. ಈಗ ತಡೆ. ಈಗ ಮೆಲ್ಲಗೆ ಬಿಡು.” ಹೊಂಗೆ ಅವಳು ಹೇಳಿದಂತೆ ಮಾಡಿತು. ಚಿಗುರು ಒಂದೊಂದಾಗಿ ಬಂದಿತು. ಮೆತ್ತಗೆ, ಜೋತುಬಿದ್ದು, ತಲೆ ಕೆಳಗೆ ಮಾಡಿಕೊಂಡು ಬಂದಿತು. ಹುಟ್ಟಿದ ಕೂಸಿನ ಮೈಯಂತೆ ಅದಕ್ಕೊಂದು ಜಿಡ್ಡಿನ ಹೊಳಪಿತ್ತು.

ಐದನೆಯ ದಿನ ನೇಸರನು ನೆತ್ತಿಗೆ ಬಂದು ಉರಿದನು. ಕಿರಣಗಳು ನೇತಾಡುವ ಎಲೆಗಳ ಬೆನ್ನಿನ ಮೇಲೆ ಬಿದ್ದು ಜಾರಿಹೋದವು. ಅವನು ಇನ್ನಷ್ಟು ಉರಿದನು. ಅವು ಇನ್ನಷ್ಟು ಜಾರಿದವು.

“ನಿಯಮವಿದೆ ಹೊಂಗೆ,” ಎಂದನು ಅವನು.

“ಇದೆ. ಚಳಿ ಮುಗಿದ ಮೇಲೆ ಎಲೆ ಉದುರಿಸಬೇಕು. ಉದುರಿಸಿದ್ದೇನೆ, ಬುಡದಲ್ಲಿ ಬಿದ್ದಿವೆ, ನೋಡು. ಪ್ರತಿ ವರ್ಷವೂ ಉದುರಿಸುತ್ತೇನೆ. ಎಂಟು ದಿನ ಬರಿದಾಗಿ ನಿಂತು ನಿನ್ನ ಮಾತು ಉಳಿಸುತ್ತೇನೆ. ಒಂಬತ್ತನೆಯ ದಿನದಿಂದ ನನ್ನ ನೆರಳು ನನ್ನದು.”

“ನಾನು ಒಪ್ಪದಿದ್ದರೆ?”

“ನೀನು ಸುಡು. ನಾನು ಮತ್ತೆ ಬಿಡುತ್ತೇನೆ. ನಿನಗೂ ಬೇರೆ ಕೆಲಸವಿರಬೇಕು, ನನಗಂತೂ ಇದೊಂದೇ.”

ನೇಸರನು ಬಹಳ ಹೊತ್ತು ನೋಡಿದನು. ಎಲೆಯ ಕೆಳಗಿದ್ದ ಇಬ್ಬರು ಹೆಂಗಸರೂ ಅಲ್ಲಿಂದ ಏಳುವ ಹಾಗೆ ಕಾಣಲಿಲ್ಲ. ಅವನು ಮೆಲ್ಲಗೆ ಪಡುವಣಕ್ಕೆ ಹೊರಳಿದನು. ಒಪ್ಪಿದೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಮತ್ತೆಂದೂ ಆ ಮಾತು ಎತ್ತಲಿಲ್ಲ.

ಹೊಂಗೆಯ ನೆರಳು ದಟ್ಟವಾಯಿತು. ಮಧ್ಯಾಹ್ನ ಕಳೆಯುವ ಮೊದಲೇ ಕೂಸು ಕಣ್ಣು ತೆರೆದು, ಬಾಯಿಯಿಂದ ತಡಕಾಡಿ, ಗುಟುಕು ಗುಟುಕಾಗಿ ಹಾಲು ಕುಡಿಯತೊಡಗಿತು. ಮಲ್ಲಾಜಿ ಉಸಿರು ಬಿಗಿಹಿಡಿದು ನೋಡುತ್ತಿದ್ದಳು.

“ನೀನೂ ಉಸಿರು ಬಿಡೇ,” ಎಂದಳು ಕೆಂಚವ್ವ.

ಅಂದು ಕೂಸು ಏಳು ಸಲ ಹಾಲು ಕುಡಿಯಿತು. ಮರುದಿನ ಅದು ಊರಿಗೆಲ್ಲ ಕೇಳುವಂತೆ ಕಿರುಚಿ ಅತ್ತಿತು. ಸುಮ್ಮನಿರುವ ತೋಪಿನಲ್ಲಿ ಹಾಗೆ ಕೂಗಾಡಬಾರದೆಂದು ಯಾರೂ ಹೇಳಲಿಲ್ಲ. ಕೆಂಚವ್ವ ಮನೆಗೆ ಹೋಗಿ ಅಗ್ಗಿಷ್ಟಿಕೆಯ ಬೂದಿ ಚೆಲ್ಲಿ, ತೊಳೆದು, ಅಟ್ಟದ ಮೇಲಿಟ್ಟಳು. “ಮಾಗಿಗೆ ಬೇಕಾಗುತ್ತದೆ,” ಎಂದಳು, “ಮಾಗಿಗೆ ಮಾತ್ರ.”

ನೇಸರನ ಜೊತೆ ಮರವೊಂದು ಮಾತನಾಡಿದ್ದನ್ನು ಕಿವಿಯಾರೆ ಕೇಳಿದವರು ಈಗ ಯಾರೂ ಇಲ್ಲ. ನಂಬುವುದೂ ಬಿಡುವುದೂ ಅವರವರಿಗೆ ಸೇರಿದ್ದು. ಹೊಂಗೆಯ ಬೇರು ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದನ್ನು ಮಾತ್ರ ಬಾವಿ ತೋಡುವ ಯಾರನ್ನು ಬೇಕಾದರೂ ಕೇಳಬಹುದು. ಯುಗಾದಿಯ ಹೊತ್ತಿಗೆ ನಿಮ್ಮ ಬೀದಿಯ ಪಾರ್ಕಿಗೆ ಹೋಗಿ ನೋಡಿ: ಸುತ್ತಲಿನ ಎಷ್ಟೋ ಮರಗಳು ಬೋಳಾಗಿ ಮಳೆಯನ್ನು ಕಾಯುತ್ತಿರುವಾಗ, ಕೆಲವೇ ದಿನಗಳ ಹಿಂದೆ ಎಲೆ ಉದುರಿಸಿದ ಹೊಂಗೆ ಉರಿಬಿಸಿಲಿನಲ್ಲೇ ಚಿಗುರಿ, ಹೊಳೆಯುವ ಎಳೆ ಎಲೆಗಳನ್ನು ತಲೆ ಕೆಳಗೆ ಮಾಡಿ ಇಳಿಬಿಟ್ಟುಕೊಂಡು, ಕೆಳಗೆ ಬಂದು ಕುಳಿತವರಿಗೆ ನೆರಳು ಹಿಡಿದು ನಿಂತಿರುವುದು ಅದಕ್ಕೇ.