ಫಕೀರವ್ವನ ಸಾಲು

ಕರೇಮಟ್ಟಿಗೆ ಹೋದವರ ಕಾಲಿಗೆ ಮೊದಲು ಸಿಗುವುದು ಆ ತೋಡು. ಊರ ಮೂಡಣ ದಿಕ್ಕಿನ ಎರೆಹೊಲದ ಅಂಚಿನಲ್ಲಿ ಹುಟ್ಟಿ, ಕಣಗಳ ನಡುವೆ ಹಾದು, ದೇಸಾಯರ ವಾಡೆಯ ಹೆಬ್ಬಾಗಿಲಿನ ಎದುರಿನ ಬಯಲನ್ನು ಸೀಳಿಕೊಂಡು ಬಂದು, ಚಾವಡಿಯ ಮೆಟ್ಟಿಲ ಬುಡದಲ್ಲಿ ಗಕ್ಕನೆ ನಿಂತುಬಿಡುತ್ತದೆ. ಹೊಸಬರು ಇದನ್ನು ಹಳ್ಳ ಎಂದುಕೊಳ್ಳುತ್ತಾರೆ. ಹಳ್ಳವಾದರೆ ಇಳಿಜಾರು ಹುಡುಕಿಕೊಂಡು ಸೊಟ್ಟಸೊಟ್ಟ ಹರಿಯಬೇಕಿತ್ತು. ಇದು ಏರು ನೋಡಿಲ್ಲ, ಇಳಿಜಾರು ನೋಡಿಲ್ಲ, ನೆಟ್ಟಗೆ ಬಂದಿದೆ. ಪಂಚಾಯಿತಿಯವರು ಗರಸು ಸುರಿದು ಮುಚ್ಚಿದರು, ಮಳೆಗಾಲ ಕಳೆಯುವಷ್ಟರಲ್ಲಿ ಮತ್ತೆ ಬಾಯಿ ಬಿಟ್ಟಿತು. ಊರವರು ಅದಕ್ಕೆ ಫಕೀರವ್ವನ ಸಾಲು ಎನ್ನುತ್ತಾರೆ. ಆ ಹೆಸರು ಹೇಳುವಾಗ ಹಿರಿಯ ಗಂಡಸರ ದನಿ ತಗ್ಗುತ್ತದೆ. ತಗ್ಗಬೇಕಾದದ್ದೇ.

ಹಿಂದೆ ಒಮ್ಮೆ ಎಂದರೆ ರಾಜರ ಕಾಲವಲ್ಲ. ಉಳುವವನೇ ಹೊಲದೊಡೆಯ ಎಂಬ ಕಾನೂನು ಬಂದ ಕಾಲ. ಅದಕ್ಕೂ ಮೊದಲು ಕರೇಮಟ್ಟಿಯ ನೆಲವೆಲ್ಲ ದೇಸಾಯರದು, ಬೆವರೆಲ್ಲ ಊರಿನದು. ಊರ ಮೂಡಣದ ಒಳ್ಳೆಯ ಎರೆಹೊಲವೊಂದನ್ನು ಫಕೀರವ್ವನ ಗಂಡ ಪಾಲಿಗೆ ಮಾಡುತ್ತಿದ್ದ. ಅವನು ಹಾವು ಕಡಿದು ಸತ್ತ. ಆಕೆಗೆ ಉಳಿದದ್ದು ಒಂದು ಜೋಡಿ ಎತ್ತು, ಉಳುವ ರಂಟೆ ಒಂದು, ಇನ್ನೂ ನೆಟ್ಟಗೆ ನಡೆಯಲು ಬಾರದ ಮಗಳು. ಹೊಲ ಉಳುವುದಕ್ಕೆ ಬಾ ಎಂದು ಗಂಡನ ತಮ್ಮ ಭರಮಪ್ಪನನ್ನು ಕರೆದಳು. ಅವನಿಗೆ ತನ್ನ ಪಾಲಿನ ಹೊಲವಿತ್ತು, ದೇಸಾಯರ ಕಣ್ಣು ಕೆಂಪಾಗುತ್ತದೆಂಬ ಅಂಜಿಕೆಯೂ ಇತ್ತು. ಬರಲಿಲ್ಲ. ಊರಿನ ಬೇರೆ ಯಾವ ಗಂಡಸೂ ಬರಲಿಲ್ಲ.

ಆ ಸೀಮೆಯಲ್ಲಿ ಹೆಣ್ಣು ಬೀಜ ಬಿಡಬಹುದು, ಕಳೆ ತೆಗೆಯಬಹುದು, ಕೊಯ್ಯಬಹುದು, ಹೊರೆ ಹೊರಬಹುದು, ರಾಶಿ ತೂರಬಹುದು. ರಂಟೆಯ ಹಿಡಿಕೆ ಮೇಳಿಯನ್ನು ಮಾತ್ರ ಹಿಡಿಯಕೂಡದು. ಹಿಡಿದರೆ ಮಳೆರಾಯ ಮುನಿಯುತ್ತಾನಂತೆ. ಹೊಟ್ಟೆಗಿಲ್ಲದೆ ಹೆಣ್ಣು ಸತ್ತರೆ ಮುನಿಯದ ಮಳೆರಾಯ ಮೇಳಿ ಹಿಡಿದರೆ ಮಾತ್ರ ಯಾಕೆ ಮುನಿಯುತ್ತಾನೋ, ಆ ಕಟ್ಟಳೆ ಮಾಡಿದವರನ್ನೇ ಕೇಳಬೇಕು. ಫಕೀರವ್ವ ಕೇಳುತ್ತ ಕೂರಲಿಲ್ಲ. ಕೋಳಿ ಕೂಗುವ ಹೊತ್ತಿಗೆ ಮಗಳನ್ನು ಬನ್ನಿಗಿಡದ ಕೆಳಗೆ ಕೂರಿಸಿ ನೊಗ ಹೂಡಿದಳು. ಮೊದಮೊದಲು ರಂಟೆ ಆಕೆಯ ಮಾತು ಕೇಳಲಿಲ್ಲ, ಅಂಗೈಯ ತೊಗಲು ಕಿತ್ತು ಬಂತು. ಆಮೇಲೆ ಸಾಲು ನೆಟ್ಟಗೆ ಬೀಳತೊಡಗಿತು. ದಾರಿಯಲ್ಲಿ ಹೋಗುವ ಗಂಡಸರು ಕಂಡೂ ಕಾಣದಂತೆ ಮುಖ ತಿರುಗಿಸಿ ನಡೆಯುತ್ತಿದ್ದರು. ಒಂದು ವರ್ಷ ಮಳೆ ಕೈಕೊಟ್ಟಾಗ ಮಾತ್ರ ಎಲ್ಲರಿಗೂ ಕಣ್ಣು ಬಂತು. ಆಕೆಯ ಬಾಗಿಲಿಗೆ ಬಂದು ಮಣ್ಣು ತೂರಿ ಹೋದರು.

ಕಾನೂನು ಬಂದು, ಭೂನ್ಯಾಯ ಮಂಡಳಿಯ ಸಾಹೇಬರು ಚಾವಡಿಯಲ್ಲಿ ಕೂತು ವಿಚಾರಣೆ ಮಾಡುವ ದಿನ ಗೊತ್ತಾಯಿತು. ದೇಸಾಯರು ಜಾಣರು. ಹಿಂದಿನ ದಿನವೇ ರೈತರನ್ನೆಲ್ಲ ವಾಡೆಗೆ ಕರೆಸಿ ಚಹಾ ಕುಡಿಸಿದರು. ವಾಡೆಯ ಪಡಸಾಲೆಯಲ್ಲಿ ಕರೇಮಟ್ಟಿಯ ರೈತರು ಕೂತು ಚಹಾ ಕುಡಿದದ್ದು ಅದೇ ಮೊದಲು. “ನಿಮ್ಮ ನಿಮ್ಮ ಹೊಲದ ತಂಟೇಕ ನಾ ಬರೂದಿಲ್ಲ. ಆ ಮೂಡಲ ಕಡಿ ಎರಿಹೊಲಾ ಒಂದ ನನಗ ಉಳೀಲಿ. ಅದನ್ನ ನನ್ನ ಆಳ ಉಳತಾನಂತ ಹೇಳ್ರಿ ಸಾಕು,” ಎಂದರು. ಒಬ್ಬ ವಿಧವೆಯ ಹೊಲಕ್ಕೆ ಬದಲು ಊರಿಗೆ ಊರೇ ಒಡೆಯರಾಗುವುದೆಂದರೆ ಯಾರು ಬೇಡ ಎನ್ನುತ್ತಾರೆ? ಯಾರೂ ಎನ್ನಲಿಲ್ಲ.

ಮರುದಿನ ಚಾವಡಿಯಲ್ಲಿ ಸಾಹೇಬರು ಕೇಳಿದ್ದಕ್ಕೆ ಮೊದಲು ಎದ್ದು ನಿಂತವನು ಭರಮಪ್ಪನೇ. “ನಮ್ಮಣ್ಣ ಸತ್ತಮ್ಯಾಲೆ ಆ ಹೊಲಾ ದೇಸಾಯರ ಆಳ ಉಳತಾನ್ರಿ. ಹೆಣಮಗಳು ರಂಟಿ ಮುಟ್ಟೂ ಅನಾಚಾರ ನಮ್ಮೂರಾಗ ಇಲ್ರಿ ಸಾಹೇಬ್ರ.” ಮೆಟ್ಟಿಲ ಕೆಳಗೆ ನಿಂತಿದ್ದ ಫಕೀರವ್ವ ಒಂದು ಹೆಜ್ಜೆ ಮುಂದೆ ಬಂದಳು. “ಭರಮಪ್ಪಾ, ನನ್ನ ಮಾರಿ ನೋಡಿ ಹೇಳು,” ಎಂದಳು. ಅವನು ನೋಡಲಿಲ್ಲ. ಅವನ ಹಿಂದೆ ಕೂತಿದ್ದವರ ಕಡೆಗೆ ಆಕೆ ಒಬ್ಬೊಬ್ಬರಾಗಿ ತಿರುಗಿದಳು. ಬೆಳಗ್ಗೆ ಬೆಳಗ್ಗೆ ಆಕೆಯ ಹೊಲದ ಬದುವಿನ ಮೇಲೆ ಹಾದುಹೋಗುತ್ತಿದ್ದ ಅವೇ ಮುಖಗಳೆಲ್ಲ ನೆಲ ನೋಡಿದವು. ಸಾಹೇಬರು ಊಟಕ್ಕೆ ಎದ್ದರು.

ಆಗ ಫಕೀರವ್ವನಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಮನೆಗೆ ಹೋಗಿ ಎತ್ತು ಬಿಚ್ಚಿದಳು, ಹೊಲದಂಚಿಗೆ ಹೋಗಿ ಊರಿಗೆ ಮುಖ ಮಾಡಿ ರಂಟೆ ಹೂಡಿದಳು. ಹಿಂದಿನ ದಿನ ಹದವಾಗಿ ಮಳೆ ಬಿದ್ದು ನೆಲ ಮೆತ್ತಗಿತ್ತು. ರಂಟೆಯ ಕಬ್ಬಿಣದ ಕುಳವನ್ನು ಒಮ್ಮೆಯೂ ಮೇಲೆತ್ತದೆ ಬದು ಒಡೆದಳು, ಸಾರಿಸಿದ ಕಣ ಒಡೆದಳು, ಬಂಡಿಯ ದಾರಿ ದಾಟಿದಳು. ವಾಡೆಯ ಬಾಗಿಲಿನ ಎದುರು ಬಂದಾಗ ದೇಸಾಯರು “ಹಿಡೀರಲೇ ಆಕೀನ್ನ!” ಎಂದು ಒದರಿದರು. ಆಳುಗಳು ಮುಂದೆ ಬಂದು ಅಲ್ಲೇ ನಿಂತರು. ಹೆಣ್ಣು ಹಿಡಿದ ರಂಟೆಗೆ ಅಡ್ಡ ಬಂದರೆ ಆ ಪಾಪ ತಮಗೆ ಸುತ್ತಿಕೊಳ್ಳುತ್ತದೆಂಬ ಹೆದರಿಕೆ. ಆಕೆಯ ಬಾಯಿಗೆ ಮಣ್ಣು ಹಾಕಲು ಇಟ್ಟುಕೊಂಡ ಕಟ್ಟಳೆಯೇ ಆಕೆಗೆ ದಾರಿ ಬಿಡಿಸಿತು. ಚಾವಡಿಯ ಮೆಟ್ಟಿಲಿಗೆ ಕುಳ ತಾಗಿ ಕಿಡಿ ಹಾರಿದಾಗ ಎತ್ತುಗಳು ನಿಂತವು.

“ಈಗ ಹೇಳ್ರಿ ಸಾಹೇಬ್ರ,” ಎಂದಳು, ಏದುಸಿರು ಬಿಡುತ್ತ. “ಇದು ದೇಸಾಯರ ಆಳ ಹೊಡದ ಸಾಲೇನು?”

ಊಟ ಮುಗಿಸಿ ಬಂದಿದ್ದ ಸಾಹೇಬರು ಸಾಲಿನ ಉದ್ದಕ್ಕೂ ಕಣ್ಣು ಹಾಯಿಸಿದರು. ಒಂದು ಕಡೆಯೂ ಡೊಂಕಿರಲಿಲ್ಲ. ಅವರು ಕೆಟ್ಟವರಲ್ಲ ಎನ್ನುತ್ತಾರೆ. ಕಣ್ಣಲ್ಲಿ ನೀರೂ ಬಂದಿತ್ತಂತೆ. ಹೊಲ ಉಳುವುದು ಈ ಮನೆಯವರೇ, ದೇಸಾಯರಲ್ಲ ಎಂದು ತೀರ್ಪು ಹೇಳಿದರು. ಹೇಳಿ, “ಈ ಮನೀ ಗಂಡಸು ಯಾರು?” ಎಂದು ಕೇಳಿದರು. ಭರಮಪ್ಪ ಕೈ ಮುಗಿದುಕೊಂಡು ಮುಂದೆ ಬಂದ. ಆ ಹೊಲದಲ್ಲಿ ಒಂದು ಸಾಲೂ ಹೊಡೆಯದವನು, ಆಗಷ್ಟೇ ಹಸಿ ಸುಳ್ಳು ಹೇಳಿದವನು, ಅತ್ತಿಗೆಯ ರಂಟೆಯ ಪಕ್ಕದಲ್ಲೇ ಮೆಟ್ಟಿಲು ಹತ್ತಿ ಹೋಗಿ ಹೊಲವನ್ನು ತನ್ನ ಹೆಸರಿಗೆ ಮಾಡಿಸಿಕೊಂಡ. ಅವನ ನಾಲಿಗೆ ಸೇದಿಹೋಗಲಿಲ್ಲ. ಸಿಡಿಲೂ ಬಡಿಯಲಿಲ್ಲ. ಊರಿಗೆಲ್ಲ ಭೂಮಿ ಬಂತು, ದೇಸಾಯರೂ ಪೇಟೆಗೆ ಹೋಗಿ ಸುಖವಾಗಿ ಬಾಳಿದರು.

ಮುಂದಿನ ಹಂಗಾಮಿನಿಂದ ಫಕೀರವ್ವ ಅದೇ ಹೊಲದಲ್ಲಿ ಮೈದುನನ ಕೈಕೆಳಗೆ ಕಳೆ ತೆಗೆದಳು. “ಇನ್ನ ರಂಟಿ ಮುಟ್ಟಬ್ಯಾಡ ಅತ್ತಿಗಿ, ಮಂದಿ ಏನಂದಾರು,” ಎಂದು ಅವನು ಬುದ್ಧಿ ಹೇಳಿದ. ಮುಟ್ಟಲಿಲ್ಲ. ಆದರೆ ಗಂಡಸರು ಆ ಸಾಲನ್ನು ಮುಚ್ಚಿದಾಗಲೆಲ್ಲ ಸಲಿಕೆ ಹಿಡಿದು ಹೋಗಿ, ಹಾಡುಹಗಲಲ್ಲೇ, ಚಾವಡಿಯ ಮಂದಿ ನೋಡುತ್ತಿರುವಂತೆಯೇ ಮತ್ತೆ ತೋಡುತ್ತಿದ್ದಳು. ಸಾಯುವವರೆಗೂ ಬಿಡಲಿಲ್ಲ. ಆಮೇಲೆ ಮಳೆಯ ನೀರು ಆ ಕೆಲಸ ಹಿಡಿಯಿತು.

ಈಗ ಹೋದವರಿಗೆ ಆ ಸಾಲು ಮುಗಿಯುವಲ್ಲಿ ಒಂದು ಚಿಕ್ಕ ಗುಡಿ ಕಾಣುತ್ತದೆ. ಭರಮಪ್ಪನ ಮೊಮ್ಮಕ್ಕಳು ಕಟ್ಟಿಸಿದ್ದು. ಒಳಗೆ ಬೆಳ್ಳಿಯ ಕಣ್ಣು ಹಚ್ಚಿದ ಕಲ್ಲು, ಅದರ ಮುಂದೆ ಫಕೀರವ್ವನ ರಂಟೆ. ಮುಂಗಾರಿಗೆ ಮೊದಲು ಊರ ಗಂಡಸರೆಲ್ಲ ಬಂದು ಕಾಯಿ ಒಡೆಸಿ, ಮೇಳಿಗೆ ಹಣೆ ಹಚ್ಚಿ, ಒಳ್ಳೆಯ ಮಳೆ ಕೊಡು ತಾಯಿ ಎಂದು ಬೇಡಿಕೊಳ್ಳುತ್ತಾರೆ. ಹೆಂಗಸರು ಕಟ್ಟೆಯ ಕೆಳಗೆ ನಿಲ್ಲುತ್ತಾರೆ. ಯಾವಳಾದರೂ ಹೊಸ್ತಿಲ ತನಕ ಬಂದರೆ ಪೂಜಾರಿ ಒಳಗಿನಿಂದಲೇ ಗದರುತ್ತಾನೆ: “ಹಿಂದ ಸರಿಯವ್ವಾ, ರಂಟಿ ಐತಿ. ಹೆಣಮಕ್ಕಳು ಮುಟ್ಟಬಾರದು.”