ಮುಂದೆ ಹೋದ ಮುಳ್ಳು

"ಬುದ್ಧಿ, ಈ ಚಡಪಡಿಕೆ ಯಾವಾಗ ನಿಲ್ಲುತ್ತದೆ?" ಎಂದು ಶಿಷ್ಯ ಕೇಳಿದ.

ಅವನ ಹೆಂಡತಿ ತೀರಿಕೊಂಡು ವರ್ಷವಾಗುತ್ತಾ ಬಂದಿತ್ತು. ಮನೆಯಲ್ಲಿ ಇರಲಾರದೆ ಮಠಕ್ಕೆ ಬಂದಿದ್ದ. ಮಠದಲ್ಲೂ ಕೂರುತ್ತಿರಲಿಲ್ಲ. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತಿದ್ದ.

"ಏನೇನು ಮಾಡಿ ನೋಡಿದೆ?" ಎಂದರು ಗುರು.

"ಮನೆಗೆ ಸುಣ್ಣ ಹೊಡೆದೆ. ಅವಳ ಮಂಚ ಕೊಟ್ಟುಬಿಟ್ಟೆ. ಆಮೇಲೆ ಹೋಗಿ ವಾಪಸ್ ತಂದೆ. ಯಾತ್ರೆಗೆ ಹೊರಟೆ. ಅರ್ಧ ದಾರಿಯಲ್ಲಿ ಬಸ್ಸು ಇಳಿದೆ."

ಗುರು ಒಂದು ಕತೆ ಹೇಳಿದರು.

ಒಂದು ಪೇಟೆ. ಪೇಟೆಯ ನಡುವೆ ಗೋಪುರ. ಗೋಪುರದ ಮೇಲೆ ಹಿಂದಿನವರು ಕೂರಿಸಿದ ಗಡಿಯಾರ. ಒಂದು ಕಾಲಕ್ಕೆ ಗಂಟೆಗೊಮ್ಮೆ ಹೊಡೆಯುತ್ತಿತ್ತು. ಎಷ್ಟೋ ವರ್ಷದಿಂದ ಕೆಟ್ಟು ನಿಂತಿತ್ತು. ಒಳಗೆ ಪಾರಿವಾಳ ಸೇರಿಕೊಂಡಿದ್ದವು.

ಯಂತ್ರವನ್ನು ಗುಜರಿಗೆ ಹಾಕಿ ಕರೆಂಟಿನ ಗಡಿಯಾರ ಕೂರಿಸೋಣ ಎಂದರು ಪೇಟೆಯವರು. ಊರಿನ ಗಡಿಯಾರ ರಿಪೇರಿಯವನು ಅಡ್ಡ ಬಂದ. "ಅದಕ್ಕೆ ನಮ್ಮಪ್ಪ ಕೀ ಕೊಡ್ತಿದ್ದ. ನನಗೊಂದು ಅವಕಾಶ ಕೊಡಿ" ಎಂದ. ಪೇಟೆಗೆ ಹಿರಿಯನಾದ ವ್ಯಾಪಾರಿ ಒಪ್ಪಿದ. ಒಂದು ಷರತ್ತು ಹಾಕಿದ. ಯುಗಾದಿಯ ದಿನ ಮಧ್ಯಾಹ್ನಕ್ಕೆ ಸರಿಯಾಗಿ ಹನ್ನೆರಡು ಹೊಡೆಯಬೇಕು. ತಪ್ಪಿದರೆ ಗುಜರಿ.

ರಿಪೇರಿಯವನು ಗೋಪುರದಲ್ಲೇ ಉಳಿದ. ಗೂಡು ತೆಗೆದ. ಒಂದೊಂದೇ ಚಕ್ರ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದ. ಸವೆದ ಚಕ್ರವನ್ನು ಕಂಚುಗಾರನಿಂದ ಹೊಸದಾಗಿ ಮಾಡಿಸಿದ. ಯುಗಾದಿಯ ಬೆಳಗ್ಗೆ ಗಡಿಯಾರ ನಡೆಯಿತು.

ನಡೆದರೆ ಸಾಲದು, ಹೊಡೆಯುತ್ತದೋ ಇಲ್ಲವೋ ನೋಡಬೇಕು. ಅವನಿಗೆ ತಡೆಯಲಾಗಲಿಲ್ಲ. ಮುಳ್ಳನ್ನು ಮುಂದಕ್ಕೆ ತಳ್ಳಿದ. ಹತ್ತು ಹೊಡೆಯಿತು. ಇನ್ನೂ ತಳ್ಳಿದ. ಹನ್ನೊಂದು ಹೊಡೆಯಿತು. ಖುಷಿಯಲ್ಲಿ ಮತ್ತೂ ತಳ್ಳಿದ. ಮುಳ್ಳು ಹನ್ನೆರಡಕ್ಕೆ ಇನ್ನೇನು ತಾಗಬೇಕು, ಆಗ ಎಚ್ಚರವಾಯಿತು. ಹೊರಗೆ ಇನ್ನೂ ಹತ್ತು ದಾಟಿರಲಿಲ್ಲ. ಇನ್ನು ಮುಂದಕ್ಕೆ ತಳ್ಳಿದರೆ ಈಗಲೇ ಹನ್ನೆರಡು ಹೊಡೆದುಬಿಡುತ್ತದೆ.

ಹೊಡೆಯುವ ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸಬಾರದು. ತಿರುಗಿಸಿದರೆ ಒಳಗೆ ಚಕ್ರದ ಹಲ್ಲು ಮುರಿಯುತ್ತದೆ. ಅವನಿಗೆ ಅದು ಗೊತ್ತು. ಆದರೂ ಕೈ ಮುಳ್ಳಿನ ಕಡೆಗೇ ಹೋಯಿತು. ಕೈ ಎಳೆದುಕೊಂಡ. ಒರೆಸಿದ ಚಕ್ರವನ್ನೇ ಒರೆಸಿದ. ಕೈ ಮತ್ತೆ ಹೋಯಿತು. ಕೊನೆಗೆ ತೂಗಾಡುವ ಲೋಲಕವನ್ನು ಹಿಡಿದು ನಿಲ್ಲಿಸಿದ. ಕೈಗಡಿಯಾರ ಬಿಚ್ಚಿ ಎದುರಿಗಿಟ್ಟ. ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತ.

ಕೆಳಗೆ ಜನ ಸೇರಿದರು. ತಲೆ ಎತ್ತಿ ನೋಡಿದರು. ಮುಳ್ಳು ಅಲ್ಲಾಡುತ್ತಿಲ್ಲ.

"ಪಾರಿವಾಳ ಓಡಿಸಿ ಇವನೇ ಗೂಡು ಕಟ್ಕೊಂಡ ಕಣ್ರಪ್ಪಾ" ಎಂದ ಒಬ್ಬ. ಜನ ನಕ್ಕರು. ಗುಜರಿಯವನ ಗಾಡಿಯೂ ಬಂದು ನಿಂತಿತು.

ವ್ಯಾಪಾರಿ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದ.

"ಏನಯ್ಯಾ, ನನ್ನ ಮರ್ಯಾದೆ ತೆಗೀತೀಯಾ? ಹಿಂದಕ್ಕೆ ತಿರುಗಿಸು."

"ಮುರಿಯುತ್ತೆ, ಸಾಹುಕಾರ್ರೇ."

"ಹಾಗಾದರೆ ಬೇರೆ ಏನಾದರೂ ಮಾಡು."

"ಮಾಡ್ತಾ ಇದ್ದೀನಿ."

"ಕೈ ಮೇಲೆ ಕೂತಿದ್ದೀಯಲ್ಲೋ."

"ಅದೇ ಕಷ್ಟದ ಕೆಲಸ. ಬೇಕಾದರೆ ನೀವೂ ಕೂತು ನೋಡಿ."

ವ್ಯಾಪಾರಿ ಕೂರಲಿಲ್ಲ. ಇಳಿದು ಹೋದ. ಮತ್ತೆ ಹತ್ತಿ ಬಂದ. ಬೈದ. ಮತ್ತೆ ಇಳಿದ.

ರಿಪೇರಿಯವನ ಕಾಲಿಗೆ ಜೋಮು ಹಿಡಿಯಿತು. ಬೆವರು ಕಣ್ಣಿಗೆ ಇಳಿಯಿತು. ಒರೆಸಿಕೊಳ್ಳಲಿಲ್ಲ. ಒಮ್ಮೆ ಕೈ ಹೊರಗೆ ಬಂದರೆ ಅದು ಎಲ್ಲಿಗೆ ಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು.

ಹೊತ್ತು ಏರಿತು. ಮುಳ್ಳು ನಿಂತ ಜಾಗಕ್ಕೆ ಹೊತ್ತೂ ಬಂತು. ಅವನು ಎದ್ದು ಲೋಲಕವನ್ನು ಬಿಟ್ಟ. ಗಡಿಯಾರ ಹನ್ನೆರಡು ಹೊಡೆಯಿತು. ಗಾಡಿಯವನು ಖಾಲಿ ಗಾಡಿ ಹೊಡೆದುಕೊಂಡು ಹೋದ.

ಗುರು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಅವನೇನೋ ಕೂತ, ಬುದ್ಧಿ. ಹನ್ನೆರಡು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಅವನಿಗೆ ಗೊತ್ತಿತ್ತು. ನನಗೆ ಏನು ಗೊತ್ತು?"

ಗುರು ಕೇಳಿದರು: "ಅವನಿಗೆ ಗೊತ್ತಿಲ್ಲದೇ ಇದ್ದಿದ್ದರೆ ಹನ್ನೆರಡು ಬರುತ್ತಿರಲಿಲ್ಲವೇ?"